ಅಕ್ಕನ ಫೋನು ನನ್ನ ಕೈಗೆ ಬಂದ ಮೇಲೆ

ಅಕ್ಕ ತೀರಿಕೊಂಡದ್ದನ್ನು ಹೇಳಬೇಕಾದವರಿಗೆ ನಾನು ಹೇಳಲಿಲ್ಲ. ಏಳು ತಿಂಗಳು ಹೇಳಲಿಲ್ಲ.

ಅವಳನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು. ಸೂಜಿ ಚುಚ್ಚಿ ಚುಚ್ಚಿ ಅವುಗಳ ತುದಿ ಹುಣಸೆಬೀಜದ ಹಾಗೆ ಗಟ್ಟಿಯಾಗಿತ್ತು. ಎಷ್ಟು ಒತ್ತಿದರೂ ಫೋನಿಗೆ ಗೊತ್ತಾಗುತ್ತಿರಲಿಲ್ಲ. "ಈ ಫೋನು ನನ್ನನ್ನ ಮನುಷ್ಯಳು ಅಂತ್ಲೇ ಒಪ್ಪಲ್ಲ ಕಣೋ" ಎಂದು ನಗುತ್ತಾ, ಕಿರುಬೆರಳಿನಲ್ಲಿ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುತ್ತಿದ್ದಳು. ಹಾಗಾಗಿ ಅವಳ ಉತ್ತರಗಳೆಲ್ಲ ದನಿಯಲ್ಲೇ ಹೋಗುತ್ತಿದ್ದವು. ಮಾತಿನ ಹಿಂದೆ ಹೊಲಿಗೆ ಮಿಷನ್ನಿನ ಸದ್ದು ಇದ್ದೇ ಇರುತ್ತಿತ್ತು.

ವಿದ್ಯಾರಣ್ಯಪುರಂನಲ್ಲಿ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವಳ ಸಂಘ. ಅವಳನ್ನೂ ಸೇರಿಸಿ ಆರು ಹೆಂಗಸರು. ಜನ ಕೊಟ್ಟ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊದಿಕೆ ಹೊಲಿದುಕೊಡುವುದು ಅವರ ಕೆಲಸ. ಸೀರೆ ತರುವುದು, ಹೊದಿಕೆ ಮುಟ್ಟಿಸುವುದು ನನ್ನ ಗೂಡ್ಸ್ ಆಟೋದಲ್ಲಿ. ಮೊದಲು ಅಕ್ಕಪಕ್ಕದ ಬೀದಿಯವರಷ್ಟೇ ಕೊಡುತ್ತಿದ್ದರು. ಅಕ್ಕ ಫೇಸ್‌ಬುಕ್ಕಿನಲ್ಲಿ ಸಂಘದ ಪೇಜು ಶುರು ಮಾಡಿದ ಮೇಲೆ ಊರೂರಿಂದ ಸೀರೆ ಬರತೊಡಗಿದವು.

ಬೇರೆಯವರ ಹಾಗೆ ಅವಳು ಬರೀ ಹೊದಿಕೆಯ ಫೋಟೊ ಹಾಕಿ ಸುಮ್ಮನಾಗುತ್ತಿರಲಿಲ್ಲ. ಸೀರೆ ಬಂದ ಕೂಡಲೇ ಕಳಿಸಿದವರಿಗೆ ದನಿ ಕಳಿಸುವಳು: "ಇದು ಯಾರ ಸೀರೆ ಕಣ್ರಮ್ಮ? ಯಾವಾಗ ಉಡ್ತಿದ್ರು?" ಉತ್ತರ ಬರುವ ತನಕ ಆ ಸೀರೆಗೆ ಕತ್ತರಿ ಮುಟ್ಟಿಸುವ ಹಾಗಿಲ್ಲ. ಅದು ಸಂಘದ ಕಟ್ಟಳೆ. "ಉತ್ತರಕ್ಕೆ ಕಾಯ್ತಾ ಕೂತ್ರೆ ನಾವು ಹೊಲಿಯೋದ್ ಯಾವಾಗಕ್ಕ?" ಎಂದು ಹೆಂಗಸರು ಗೊಣಗಿದರೆ, "ಯಾರು ಅಂತ ಕೇಳ್ದೆ ಅವರ ಸೆರಗಿಗೆ ಕೈ ಹಾಕ್ತೀಯೇನೇ?" ಎಂದು ಬಾಯಿ ಮುಚ್ಚಿಸುವಳು. ಹೊದಿಕೆ ಆದ ಮೇಲೆ ಅದರ ಫೋಟೊದ ಜೊತೆ ಆ ಸೀರೆಯ ಕತೆಯನ್ನು ನಾಲ್ಕು ಸಾಲು, ಕಿರುಬೆರಳಲ್ಲೇ ಕುಟ್ಟಿ ಹಾಕುವಳು. ಓದಿದವರಿಗೆ ತಮ್ಮ ಮನೆಯ ಬೀರು ನೆನಪಾಗುತ್ತಿತ್ತು. ಹಾಗೆ ಸೀರೆ ಕಳಿಸಿದವರನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ, ಯಾರ ಮಗಳ ಬಾಣಂತನ, ಯಾರ ಮಂಡಿನೋವು ಎಲ್ಲ ನೆನಪಿಟ್ಟು ವಿಚಾರಿಸುವಳು.

ಅವರಲ್ಲೊಬ್ಬರು ರಾಮಕೃಷ್ಣನಗರದ ನಿವೃತ್ತ ಸ್ಕೂಲು ಮೇಡಮ್ಮು. ಮಿಸ್ ಎಂದೇ ಅಕ್ಕ ಕರೆಯುತ್ತಿದ್ದದ್ದು. ಅವರ ತಾಯಿಯ ನೇರಳೆ ಸೀರೆಯ ಕತೆ ಕೇಳಿ ಕೋಣೆಗೆ ಕೋಣೆಯೇ ನಕ್ಕಿತ್ತು. "ನಮ್ಮಮ್ಮ ಇದನ್ನ ಉಡ್ತಿದ್ದಿದ್ದು ರೇಷನ್ ಅಂಗಡಿಗೆ ಹೋಗೋಕೆ ಮಾತ್ರ ಕಣಮ್ಮ. ಒಳ್ಳೇ ಸೀರೆ ನೋಡಿದ್ರೆ ತೂಕ ಸರಿಯಾಗಿ ಹಾಕ್ತಾನೆ ಅಂತ." ಅಂದಿನಿಂದ ಇಬ್ಬರಿಗೂ ದಿನಾ ಮಾತು. ಒಂದೇ ಊರಿನಲ್ಲಿದ್ದೂ ಮುಖ ನೋಡಿರಲಿಲ್ಲ. ಹೊದಿಕೆ ಕೊಡಲು ಹೋಗಿದ್ದವನು ನಾನು. "ಒಂದಿನ ಬಂದೇ ಬರ್ತೀನಿ ಮಿಸ್" ಎನ್ನುವುದು ಅಕ್ಕನ ಮಾಮೂಲು ಮಾತಾಗಿತ್ತು.

ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದಾಗ ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

"ನಂಗೇನಾದ್ರೂ ಆದ್ರೆ ಮೊದ್ಲು ಗುಂಪಲ್ಲಿ ಹೇಳ್ಬುಡು. ಜನ ಕಾಯ್ತಾರೆ. ಕಾಯಿಸ್ಬೇಡ."

"ಸುಮ್ನಿರಕ್ಕ, ಬಾಯಿಗೆ ಬಂದಂಗೆ ಮಾತಾಡ್ಬೇಡ."

"ಬರಿಯೋಕೆ ಬರ್ದಿದ್ರೆ ಮೈಕ್ ಒತ್ತೋ. ನನ್ನತ್ರ ಜಗಳಾಡೋಕೆ ಬಾಯಿ ಇಲ್ವಾ ನಿಂಗೆ?"

ಹನ್ನೊಂದನೇ ದಿನ ಹೋಗಿಬಿಟ್ಟಳು.

ನಾನು ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಗುಂಪಿನಲ್ಲಿ ಓದಿದವರೇ ಹೆಚ್ಚು. ಎರಡು ಪದ ಬರೆಯುವುದು, ಅಳಿಸುವುದು. ಮೈಕ್ ಒತ್ತಿದರೆ, ಒಂದು ಮಾತಾಡುವ ಮೊದಲೇ ಬೆರಳು ತೆಗೆದುಬಿಡುತ್ತಿದ್ದೆ. ಹೆಂಗಸರು "ಹೇಳಿದ್ಯೇನಪ್ಪ?" ಎಂದು ಕೇಳಿದಾಗಲೆಲ್ಲ "ನಾಳೆ" ಎಂದೆ. ಸೀರೆ ಬರುತ್ತಲೇ ಇದ್ದವು. ಅವರೂ ಕೇಳುವುದು ಬಿಟ್ಟರು. ಯಾರ ಸೀರೆ ಎಂದು ವಿಚಾರಿಸದೆ ಕತ್ತರಿ ಹಾಕತೊಡಗಿದೆವು. ಗುಂಪಿನಲ್ಲಿ ಯಾರು ಏನು ಕೇಳಿದರೂ, ಮಿಸ್ ಬೇರೆಯಾಗಿ ದನಿ ಕಳಿಸಿದರೂ, ನಾನು ಆ ಹಳದಿ ಹೆಬ್ಬೆರಳಿನ ಗುರುತು ಒತ್ತುತ್ತಿದ್ದೆ.

ಇಷ್ಟೇ ಆಗಿದ್ದರೆ ಹೇಡಿತನ ಎನ್ನಬಹುದಿತ್ತು. ಆದರೆ ನನಗೆ ಅದು ಹಿತವಾಗಿಯೂ ಇತ್ತು. ಬೆಳಿಗ್ಗೆ ಆಟೋ ತೆಗೆಯುವ ಹೊತ್ತಿಗೆ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು. "ಚೆನ್ನಾಗಿದ್ದೀರಾ ಅಕ್ಕ?" ಎಂದು ಯಾರೋ ಕೇಳಿರುತ್ತಿದ್ದರು. ಹೆಬ್ಬೆರಳು ಒತ್ತಿದರೆ, ಅಷ್ಟು ಜನರ ಪಾಲಿಗೆ ಅವಳು ಇದ್ದಾಳೆ. ನಾನು ಹೇಳಿದ ದಿನ ಅಲ್ಲೂ ಸಾಯುತ್ತಾಳೆ.

ಯುಗಾದಿಯ ದಿನ ಮಿಸ್ಸಿನ ದನಿ ಬಂತು. "ಬೇವು ಬೆಲ್ಲ ತಿಂದ್ಯೇನಮ್ಮ? ಯಾಕೆ ಬರೀ ಹೆಬ್ಬೆರಳು ತೋರಿಸ್ತಿದೀಯ? ಹೊದಿಕೆ ಅಂಚು ಬಿಚ್ಚಿಕೊಂಡಿದೆ ಅಂದಿದ್ದಕ್ಕೆ ಕೋಪಾನಾ? ಬಿಚ್ಚಿದ್ರೆ ಬಿಚ್ಚಲಿ ಬಿಡು. ನೀನು ಮಾತು ಬಿಡಬೇಡ."

ನನಗೆ ತಡೆಯಲಾಗಲಿಲ್ಲ. ಹಿಂದಿನ ವರ್ಷದ ಹಬ್ಬದಲ್ಲಿ ಅಕ್ಕ ಇನ್ಯಾರಿಗೋ ಕಳಿಸಿದ್ದ ದನಿಯೊಂದು ಸಿಕ್ಕಿತು. ಒತ್ತಿದೆ. "ಹಬ್ಬ ಜೋರಾ? ಊಟ ಆಯ್ತಾ?" ಎಂದಳು ಅಕ್ಕ. ಕೋಣೆಯಲ್ಲಿ ಹಬ್ಬದ ದಿನವೂ ಬಂದು ಹೊಲಿಯುತ್ತಿದ್ದ ಹೆಂಗಸರ ಮಿಷನ್ನುಗಳೆಲ್ಲ ಒಮ್ಮೆಗೇ ನಿಂತವು. ಫೋನಿನೊಳಗಿನ ಮಿಷನ್ನು ಮಾತ್ರ ಓಡುತ್ತಿತ್ತು. ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಗಾಬರಿಯಿಂದ ದನಿಯನ್ನು ಅಲ್ಲೇ ನಿಲ್ಲಿಸಿ, ಪೂರ್ತಿ ಕೇಳದೆ, ಅದನ್ನೇ ಮಿಸ್ಸಿಗೆ ಕಳಿಸಿಬಿಟ್ಟೆ.

ಮರುದಿನ ಸಂಜೆ ಅವರ ಉತ್ತರ ಬಂತು.

"ನಾಲ್ಕು ಗಂಟೆ ತನಕ ಗೇಟಿನ ಹತ್ರಾನೇ ಕೂತಿದ್ದೆ ಕಣಮ್ಮ. ನಿಂಗೆ ತಿನ್ನೋಕೆ ಅಂತ ಹಾಲುಬಾಯಿ ಮಾಡಿಟ್ಟಿದ್ದೆ. ದಾರಿ ತಪ್ತೇನೋ ಅಂತ ಪಾರ್ಕ್ ತನಕ ಹೋಗಿ ನೋಡ್ಕೊಂಡು ಬಂದೆ. ಮೈ ಹುಷಾರಿಲ್ವಾ?"

ನನಗೆ ಏನೂ ಅರ್ಥವಾಗಲಿಲ್ಲ. ನಾನು ಕಳಿಸಿದ್ದ ದನಿಯನ್ನು ಕೊನೆಯವರೆಗೂ ಕೇಳಿದೆ. ಊಟದ ಮಾತಾದ ಮೇಲೆ ಅಕ್ಕ ನಗುತ್ತಾ ಹೇಳಿದ್ದಳು: "ನಾಳೆ ಮಧ್ಯಾಹ್ನ ಮನೆಗೆ ಬರ್ತೀನಿ. ಕಾಯ್ತಾ ಇರಿ."

ಆಟೋ ತೆಗೆದುಕೊಂಡು ರಾಮಕೃಷ್ಣನಗರಕ್ಕೆ ಹೋದೆ. ಮಿಸ್ ಗೇಟು ತೆರೆದು, ನನ್ನನ್ನು ನೋಡದೆ ನನ್ನ ಹಿಂದೆ ನೋಡಿದರು.

"ಅಕ್ಕ ಎಲ್ಲಪ್ಪ? ಗಾಡೀಲಿದಾಳಾ?"

"ಇಲ್ಲ ಮಿಸ್. ಅಕ್ಕ ತೀರ್ಕೊಂಡ್ಲು. ಏಳು ತಿಂಗ್ಳಾಯ್ತು."

ಅವರು ಗೇಟಿನ ಸರಳು ಹಿಡಿದರು. "ಮತ್ತೆ ನಿನ್ನೆ ಮಾತಾಡಿದ್ದು?"

ನಿಂತಲ್ಲೇ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಒಳಗೆ ಕರೆದು ಕೂರಿಸಿದರು. ನೇರಳೆ ಹೊದಿಕೆ ಕುರ್ಚಿಯ ಮೇಲೇ ಇತ್ತು. ಬಿಚ್ಚಿದ ಅಂಚನ್ನು ಅವರೇ ಕಪ್ಪು ದಾರದಲ್ಲಿ ಹೊಲಿದುಕೊಂಡಿದ್ದರು. ಸೊಟ್ಟಸೊಟ್ಟ ಹೊಲಿಗೆ. "ಅವಳು ಬಂದಾಗ ತೋರಿಸಿ, ನೋಡು, ಜಗಳ ಮುಗೀತು ಅನ್ನೋಣ ಅಂತಿದ್ದೆ" ಎಂದರು. ಆ ಅಂಚಿನ ಮೇಲೆ ಬೆರಳಾಡಿಸುತ್ತಾ ಕೇಳಿದರು.

"ಕಾದಿದ್ದು ನಾನೊಬ್ಬಳೇನಾ?"

ಫೋನು ತೆಗೆದು ಗುಂಪು ತೋರಿಸಿದೆ. "ನಂಗೆ ನೆಟ್ಟಗೆ ಬರಿಯೋಕೆ ಬರಲ್ಲ ಮಿಸ್. ನೀವೇ ಎರಡು ಸಾಲು ಬರ್ದುಕೊಡಿ."

"ನಾನು ಬರೆಯಲ್ಲ. ನಿಮ್ಮಕ್ಕ ಹೇಳಿದ್ದು ನಿನಗೆ."

ಫೋನನ್ನು ನನ್ನ ಮುಂದಕ್ಕೆ ಸರಿಸಿ, ಹೊದಿಕೆಯನ್ನು ಮಡಿಲಿಗೆ ಎಳೆದುಕೊಂಡು ಅವರು ಕಣ್ಣು ಮುಚ್ಚಿದರು. ನಾನು ಯಾಕೋ ಅಕ್ಕನ ಹಾಗೆ ಕಿರುಬೆರಳಿನಲ್ಲೇ ಮೈಕ್ ಒತ್ತಿ ಹಿಡಿದೆ. ಈ ಸಲ ಬಾಯಿ ಬಂತು.

"ನಾನು ಅಕ್ಕನ ತಮ್ಮ ಮಾತಾಡ್ತಿರೋದು. ಅಕ್ಕ ಏಳು ತಿಂಗಳ ಹಿಂದೇನೇ ಹೋಗ್ಬುಟ್ಲು. ಹೆಬ್ಬೆರಳು ಒತ್ತುತಿದ್ದೋನು ನಾನು. ನಿಮ್ಮನ್ನ ಕಾಯಿಸ್ಬೇಡ ಅಂದಿದ್ಲು, ಕಾಯಿಸ್ಬುಟ್ಟೆ. ತಪ್ಪಾಯ್ತು, ಎಲ್ಲಾರೂ ಕ್ಷಮಿಸ್ಬುಡಿ. ಅಕ್ಕಾ... ನಿನ್ನ ಮಾತ್ನೂ ನಾನು ಕೊನೇ ತನಕ ಕೇಳ್ಲಿಲ್ಲ. ತಪ್ಪಾಯ್ತು ಕಣಕ್ಕ."