ಸೆನ್ಸಿಬಲ್ ಅಲ್ಲ, ಸೆನ್ಸಿಟಿವ್

ನವನಗರದಲ್ಲಿ ಸಂಜೆಯಾದರೆ ಸಾಕು, ನಮ್ಮ ಓಣಿಯ ಮೂಲೆಯ ಗಾಡಿಯಿಂದ ಮಿರ್ಚಿ ಭಜಿಯ ವಾಸನೆ ಕಿಟಕಿಯೊಳಗೆ ಬರುತ್ತದೆ. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಎರಡು ಇಂಗ್ಲಿಷ್ ಶಬ್ದಗಳು ನೆನಪಾಗುತ್ತವೆ. ನಗಬೇಡಿ, ಹೇಳುತ್ತೇನೆ.

ನಮ್ಮ ಕಾಕಾ ಹುನಗುಂದದಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಯಾರಾದರೂ ಒಂದು ಶಬ್ದ ತಪ್ಪಾಗಿ ಬಳಸಿದರೆ ಅವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಸೆನ್ಸಿಬಲ್ ಅಂದರೆ ಶಾಣ್ಯಾ, ತಿಳಿದು ನಡೆಯುವವ; ಸೆನ್ಸಿಟಿವ್ ಅಂದರೆ ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವ. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಸ್ವಭಾವ ಬೇರೆ ಎನ್ನುತ್ತಿದ್ದರು. ಎರಡನೆಯದಕ್ಕೆ ಉದಾಹರಣೆ ಬೇಕಾದಾಗ ನನ್ನ ಕಡೆ ಕೈ ತೋರಿಸುತ್ತಿದ್ದರು. ಮೊದಲನೆಯದಕ್ಕೆ ಎಂದೂ ತೋರಿಸಲಿಲ್ಲ. ಇಂಥವರನ್ನು ಕರೆದುಕೊಂಡು ನಾನು ಇಳಕಲ್ಲಿಗೆ ಹೆಣ್ಣು ನೋಡಲು ಹೋದೆ.

ನೇಕಾರರ ಮನೆ. ನಾವು ಬಂದೆವೆಂದು ಮಗ್ಗ ನಿಲ್ಲಿಸಿದ್ದರು. ಹುಡುಗಿಯನ್ನು ನೋಡಿದ್ದೇ ತಡ, ಈ ಸಂಬಂಧ ತಪ್ಪಿದರೆ ನಾನು ಕೆಟ್ಟೆ ಅನ್ನಿಸಿತು. ಅಷ್ಟರಲ್ಲಿ ಅವಳ ತಾಯಿ ಚುರಮುರಿಯ ಜೊತೆ ಬಿಸಿ ಮಿರ್ಚಿ ತಂದಿಟ್ಟರು. ನಮ್ಮ ಕಡೆ ತಾಟು ಖಾಲಿಯಾದರೆ ಮತ್ತೆ ಬಡಿಸುವುದು ರೂಢಿ. ಶಾಣ್ಯಾ ಆದವನು ಸ್ವಲ್ಪ ಉಳಿಸಿ ಕೈ ಅಡ್ಡ ಹಿಡಿಯುತ್ತಾನೆ. ನನಗೆ ಆ ತಾಯಿಯ ಮುಖ ನೋಡಿ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಬೇಗ ಮುಗಿಸಿದರೆ ಪಾರಾದೆನೆಂದು ಗಬಗಬ ತಿಂದೆ. ತಿಂದಷ್ಟೂ ತಾಟಿಗೆ ಬಿತ್ತು. ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಮಗ್ಗದ ಸದ್ದೂ ಇಲ್ಲದ ಆ ಮನೆಯಲ್ಲಿ ನಾನು ಮೂಗೆಳೆಯುವುದು ಪಡಸಾಲೆಗೆಲ್ಲ ಕೇಳಿಸಿತು.

ಹುಡುಗಿಯ ಅಪ್ಪ ಗಾಬರಿಯಾದರು. ಹುಡುಗನಿಗೆ ಮನಸ್ಸಿಲ್ಲವೇನು, ಒತ್ತಾಯಕ್ಕೆ ಕರೆತಂದಿದ್ದೀರೇನು ಎಂದು ಕಾಕಾನನ್ನು ಕೇಳಿದರು. ಖಾರ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾಸ್ತರರಿಗೆ ಸರಿಯಾದ ಶಬ್ದವೇ ಬೇಕಲ್ಲ.

“ಹುಡುಗ ಸೆನ್ಸಿಬಲ್ ಅಲ್ರಿ, ಸೆನ್ಸಿಟಿವ್ ಅದಾನ,” ಎಂದರು. ಎರಡರ ಅರ್ಥವನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ.

ಆಗ ಅಡುಗೆಮನೆಯ ಬಾಗಿಲಿನಿಂದ ಹುಡುಗಿ ಅಪ್ಪನಿಗೆ ಹೇಳಿದಳು: “ಇರ್ಲಿ ಬಿಡಪಾ. ಶಾಣ್ಯಾತನ ನನಗೈತಿ.”

ಮದುವೆಯಾಯಿತು. ಆದರೆ ಅವಳು ಕನಿಕರಪಟ್ಟು ಒಪ್ಪಿದಳೆಂದೇ ಇಷ್ಟು ವರ್ಷ ನಂಬಿದ್ದೆ. ಅದು ಒಳಗೊಳಗೇ ಚುಚ್ಚುತ್ತಿತ್ತು. ಇವತ್ತು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಮೆಂತ್ಯ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ಅವ್ವಗ ಅವತ್ತ ಜ್ವರ ಇತ್ರಿ. ಹಂಗ ಎದ್ದು ಮಿರ್ಚಿ ಕರದಿದ್ಲು. ನಿಮಗ ಗೊತ್ತಿರಲಿಲ್ಲ. ಆದ್ರೂ ಬ್ಯಾಡ ಅಂದ್ರ ಆಕಿ ನೊಂದ್ಕೋತಾಳಂತ ಅಂಜಿ ಅಂಜಿ ತಿಂದ್ರಿ. ನಾ ಬಾಗಲದಾಗ ನಿಂತು ನೋಡೀನಿ.”

ಹೋಗಿ ಅವಳ ಎದುರಿಗೆ ಕೂತು ನಾನೂ ಸೊಪ್ಪು ಸೋಸತೊಡಗಿದೆ. ಕಡ್ಡಿಯನ್ನೆಲ್ಲ ಎಲೆಯ ಜೊತೆಗೇ ಹಾಕುತ್ತಿದ್ದೆ. ಅವಳು ನೋಡಿಯೂ ಬೇಡ ಎನ್ನಲಿಲ್ಲ.