ಮೇಲಿನ ಮನೆಯ ಮೀನು

ನಿನ್ನೆ ಸಿಂಕಿನ ಮುಂದೆ ನಿಂತು ಸಿಗಡಿ ಬಿಡಿಸುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿತು. ಆಮೇಲೆ ನಗು ಬಂತು. ಇದು ನನ್ನದೇ ಮನೆ, ಯಾರಿಗೆ ಹೆದರಬೇಕು? ಆದರೂ ಈ ಕೈ ಚಾಮರಾಜಪೇಟೆಯ ಆ ಬಾಡಿಗೆ ಮನೆಯನ್ನು ಮರೆತಿಲ್ಲ... ಮೇಲಿನ ಮನೆಯ ಆಂಟಿಯನ್ನೂ.

ಆಂಟಿ ನಮ್ಮ ಮನೆ ಮಾಲೀಕರ ಹೆಂಡತಿ. ಹಣೆತುಂಬ ವಿಭೂತಿ, ಲಿಂಗಪೂಜೆ ಆಗದೆ ಕಾಫಿಯನ್ನೂ ಮುಟ್ಟದವರು. ಮನೆ ಕೊಡುವಾಗ ಅವರದ್ದು ಒಂದೇ ಷರತ್ತು, ಮಾಂಸ ಮೀನು ಮಾಡಕೂಡದು. ಜಾತಿ ಕೇಳಿ ಬಾಗಿಲಿನಿಂದಲೇ ವಾಪಸ್ ಕಳಿಸಿದ ಮನೆಗಳನ್ನು ಸುತ್ತಿ ಸುಸ್ತಾಗಿದ್ದ ನಾವು ಹೂಂ ಅಂದೆವು. ಭಾನುವಾರ ಮಾತ್ರ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ, ಕಳ್ಳರ ಹಾಗೆ ಮೀನು ಬೇಯಿಸುತ್ತಿದ್ದೆವು. ಸಿಪ್ಪೆ ಕಟ್ಟಿದ ಕವರು ಫ್ರಿಜ್ಜಿನಲ್ಲಿದ್ದು, ಸೋಮವಾರ ನನ್ನ ಆಫೀಸ್ ಬ್ಯಾಗಿನಲ್ಲಿ ಕಲಾಸಿಪಾಳ್ಯದ ಕಸದ ರಾಶಿಗೆ ಹೋಗುತ್ತಿತ್ತು.

ಅಂಕಲ್‌ಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಟ್ಯಾಂಕಿನಲ್ಲಿ ಮೊಳದುದ್ದದ ಅರೋವಾನಾ ಮೀನು ಸಾಕಿದ್ದರು, ವ್ಯಾಪಾರಕ್ಕೆ ಒಳ್ಳೆಯದಂತೆ. ಅವರಿಗೆ ಹಾರ್ಟ್ ಆಪರೇಷನ್ ಆಗಿ ಅಂಗಡಿ ಬಾಗಿಲು ಹಾಕಿದಾಗ ಅಂಗಡಿಯ ಹುಡುಗರು ಮೀನನ್ನು ಟ್ಯಾಂಕಿನ ಸಮೇತ ಮನೆಗೆ ತಂದಿಟ್ಟರು. ತಂದ ದಿನದಿಂದ ಅದು ಮೂಲೆ ಹಿಡಿಯಿತು, ಏನೂ ತಿನ್ನಲಿಲ್ಲ. ಆಂಟಿ ಚಪಾತಿ ಹಿಟ್ಟಿನ ಉಂಡೆ ಹಾಕಿದರು, ಬ್ರೆಡ್ ಹಾಕಿದರು, ದಿನಾ ನೀರು ಬದಲಿಸಿದರು. ನೋಡಲು ಬಂದ ನೆಂಟರು, ಮೀನು ಹೋದರೆ ಒಳ್ಳೆಯದೇ, ಯಜಮಾನರ ಕಂಟಕ ಹೊತ್ತುಕೊಂಡು ಹೋಗುತ್ತದೆ ಎಂದು ಸಮಾಧಾನ ಹೇಳಿದರಂತೆ. ಆಂಟಿಗೆ ಸಮಾಧಾನವಾಗಲಿಲ್ಲ. ಈ ಜೀವ ಹೋದರೆ ಆ ಜೀವವೂ ಉಳಿಯುವುದಿಲ್ಲ ಎಂಬ ಭಯ ಅವರನ್ನು ಹಿಡಿದುಬಿಟ್ಟಿತ್ತು. ಆಸ್ಪತ್ರೆಯಿಂದ ಅಂಕಲ್ ದಿನಾ ಫೋನಿನಲ್ಲಿ ಕೇಳುತ್ತಿದ್ದರು, "ತಿಂತಾ?" "ತಿಂತು ರೀ" ಎಂದು ಆಂಟಿ ದಿನಾ ಸುಳ್ಳು ಹೇಳುತ್ತಿದ್ದರು. ಇದೆಲ್ಲ ಆಮೇಲೆ ಅವರೇ ನನಗೆ ಹೇಳಿದ್ದು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕೊತ್ತಂಬರಿ ತರಲು ಹೋದ ನಮ್ಮವರು ಬಂದರೆಂದು ಸಿಗಡಿ ಕೈಯಲ್ಲೇ ತೆಗೆದೆ. ಆಂಟಿ! ಎದೆ ಧಸಕ್ಕೆಂದಿತು. ಮನೆ ಹೋಯಿತು ಅಂದುಕೊಂಡೆ.

"ಹೆದರ್ಕೋಬೇಡ ಕಣಮ್ಮ," ಅಂದರು, ಸೆರಗನ್ನು ಮೂಗಿಗೆ ಒತ್ತಿಕೊಂಡೇ. "ಭಾನುವಾರ ಬಂದ್ರೆ ನಿಮ್ಮನೇಲಿ ಊದ್ಬತ್ತಿ ಜಾಸ್ತಿ ಆಗ್ತಿತ್ತಲ್ಲ, ಆವಾಗ್ಲೇ ಗೊತ್ತಾಗಿತ್ತು. ಮೀನು ಮಾರಿದ ಅಂಗಡಿಯೋರಿಗೆ ಫೋನ್ ಮಾಡಿದ್ದೆ. ಅದು ಸಿಗಡಿನೇ ತಿನ್ನೋದಂತೆ. ನಮ್ಮೋರು ಇಷ್ಟ್ ವರ್ಷ ನಂಗೆ ಹೇಳೇ ಇಲ್ಲ ನೋಡು! ಒಂದೆರಡು ತಗೊಂಡು ಮೇಲೆ ಬರ್ತೀಯಾ?"

ಅವರ ಹಾಲ್‌ಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಸಿಗಡಿ ತುಂಡೊಂದನ್ನು ನೀರಿಗೆ ಬಿಟ್ಟೆ, ಅಷ್ಟೇ... ಮೀನು ಬೆಚ್ಚಿ ಮೇಲಕ್ಕೆ ನೆಗೆದು, ಮುಚ್ಚಳಕ್ಕೆ ಧಡ್ ಎಂದು ಬಡಿದುಕೊಂಡು, ಓರೆಯಾಗಿ ತಳಕ್ಕಿಳಿಯಿತು. ಆಂಟಿ "ಶಿವನೇ!" ಎಂದು ಚೀರಿದರು. ಇದು ಈಗ ಸತ್ತರೆ? ಕೆಳಗಿನ ಮನೆಯವಳ ಕೈ ತಾಗಿ ಸತ್ತಿತು ಎಂದು ಆ ನೆಂಟರು ಅಂದರೆ? ಅಂಕಲ್‌ಗೆ ಏನಾದರೂ ಆದರೆ ಅದೂ ನನ್ನ ತಲೆಗೇ ಬರುತ್ತಿತ್ತು. ಓಡಿಹೋಗೋಣ ಅನ್ನಿಸಿತು.

ಆಂಟಿ ಬಿಡಲಿಲ್ಲ. ಲೈಟ್ ಆರಿಸಿ, ಬಟ್ಟೆ ಮುಚ್ಚಿ, ಎದುರಿಗೆ ಯಾರೂ ನಿಲ್ಲಬೇಡಿ ಎಂದೂ ಮೀನಿನ ಅಂಗಡಿಯವರು ಹೇಳಿದ್ದರಂತೆ, ಗಾಬರಿಯಲ್ಲಿ ಮರೆತಿದ್ದರು. ಅವರ ಹಳೇ ಕಾಟನ್ ಸೀರೆಯೊಂದನ್ನು ಟ್ಯಾಂಕಿಗೆ ಸುತ್ತಿದೆವು. ಪೂಜೆಯ ಹೂ ಕಟ್ಟುವ ದಾರಕ್ಕೆ ಇನ್ನೊಂದು ತುಂಡನ್ನು ಸಡಿಲವಾಗಿ ಸಿಕ್ಕಿಸಿ, ಮುಚ್ಚಳದ ಸಂದಿಯಿಂದ ಇಳಿಬಿಟ್ಟು, ದಾರದ ತುದಿಯನ್ನು ಒಂದು ಕೈಯ ಬೆರಳಿಗೆ ಸುತ್ತಿಕೊಂಡೆ. ಇಬ್ಬರೂ ಸೀರೆಯ ಮರೆಯಲ್ಲಿ ನೆಲದ ಮೇಲೆ ಕೂತೆವು. ಪಂಪಿನ ಗುರುಗುರು ಬಿಟ್ಟರೆ ಸದ್ದಿಲ್ಲ. ಇಣುಕಲು ಹೋದ ಆಂಟಿಯನ್ನು ತಡೆದೆ. ಅವರು ನನ್ನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ತೊಳೆಯದ, ಸಿಗಡಿ ನಾರುವ ಕೈಯನ್ನು. ಎಷ್ಟು ಹೊತ್ತು ಕೂತೆವೋ... ನನ್ನ ಬೆರಳಿನಲ್ಲಿದ್ದ ದಾರ ಒಮ್ಮೆ ಜೋರಾಗಿ ಜಗ್ಗಿತು. ಎಳೆದು ನೋಡಿದರೆ ತುದಿ ಖಾಲಿ.

ಆಂಟಿ ಆಸ್ಪತ್ರೆಗೆ ಫೋನ್ ಮಾಡಿ "ತಿಂತು ರೀ" ಅಂದವರೇ ಬಿಕ್ಕಿ ಬಿಕ್ಕಿ ಅತ್ತರು. ದಿನಾ ಹೇಳುವ ಮಾತಿಗೆ ಇವತ್ತೇಕೆ ಅಳು ಎಂದು ಅಂಕಲ್‌ಗೆ ತಿಳಿಯಲೇ ಇಲ್ಲ.

ಅಂಕಲ್ ಮನೆಗೆ ಬಂದರು. ಪ್ರತಿ ಭಾನುವಾರ ನಮ್ಮ ಅಡುಗೆಮನೆಯಿಂದ ಮೀನಿಗೆಂದು ಸಿಗಡಿಯ ಒಂದು ಸ್ಟೀಲ್ ಡಬ್ಬಿ ಮೇಲೆ ಹೋಗತೊಡಗಿತು. "ಕಿಟಕಿ ತೆಗ್ದು ಮಾಡು, ಉಸಿರು ಕಟ್ಟುತ್ತೆ" ಎಂದು ಆಂಟಿ ಎಷ್ಟೋ ಸಲ ಹೇಳಿದರು. ಆ ಮನೆಯಲ್ಲಿ ಇದ್ದಷ್ಟು ಕಾಲವೂ ನನಗೆ ಧೈರ್ಯ ಬರಲಿಲ್ಲ. ಅವರನ್ನು ನಂಬಿದ್ದೆ, ಬೀದಿಯನ್ನು ನಂಬಿರಲಿಲ್ಲ.

ಆಂಟಿ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಕೊನೆಗೆ ಮುಖ ನೋಡಲೂ ಆಗಲಿಲ್ಲ...

ನಿನ್ನೆ ಸಿಗಡಿಯನ್ನು ಸಿಂಕಿನಲ್ಲೇ ಬಿಟ್ಟು ಹೋಗಿ, ಮುಚ್ಚಿದ್ದ ಕಿಟಕಿಯನ್ನು ಪೂರ್ತಿ ತೆಗೆದೆ. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಈ ಕಡೆ ತಿರುಗಿದರು. ಇಷ್ಟು ವರ್ಷಗಳ ಮೇಲೂ ಎದೆ ಧಸಕ್ಕೆಂದಿತು. ಆದರೆ ಮತ್ತೆ ಮುಚ್ಚಲಿಲ್ಲ. ಅದನ್ನು ಹೇಳೋಣವೆಂದರೆ ಆಂಟಿ ಇಲ್ಲ.