ಎರಡೂ ಕಡೆ ಅವ್ವ

ಯಾವುದನ್ನೂ ಒಂದೇ ಇಟ್ಟುಕೊಂಡು ನೆಮ್ಮದಿಯಿಂದ ಇರುವುದು ನನ್ನಿಂದಾಗದು. ಜೇಬಿನಲ್ಲಿ ಎರಡು ಪೆನ್ನು, ಒಂದು ಬೀಗಕ್ಕೆ ಎರಡು ಕೀಲಿ, ಇನ್ವರ್ಟರ್ ಇದ್ದರೂ ಕಪಾಟಿನಲ್ಲಿ ಮೇಣದಬತ್ತಿ. ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯಲ್ಲಿ ಇದಕ್ಕಾಗಿ ನನ್ನ ಹೆಂಡತಿ ನನಗಿಟ್ಟ ಹೆಸರು ‘ಅಂಜುಬುರುಕ’. ಕಂಪ್ಯೂಟರಿನವರು ಇದೇ ಗುಣಕ್ಕೆ ಮಿರರ್ ಎಂದು ಹೆಸರಿಟ್ಟು ಮರ್ಯಾದೆ ಕೊಟ್ಟಿದ್ದಾರೆ.

ಅವ್ವ ತೀರಿಕೊಂಡ ಮೇಲೆ ನನ್ನ ಅಂಜಿಕೆ ಹೆಚ್ಚಾಯಿತು. ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು, ಕಡೆಗೆ ಅಂಥದೇ ಒಂದು ವಾರ್ಡಿನಲ್ಲಿ ಮಲಗಿದಳು. ಆಗ ಅವಳ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ತಡೆದು ತಡೆದು ಉಸಿರೆಳೆಯುತ್ತ, ‘ಉಂಡಿಯೇನೋ ಮಗಾ?’ ಎಂದು ಕೇಳುತ್ತಾಳೆ. ಆಮೇಲೆ ಬರೀ ಕೆಮ್ಮು. ನನ್ನ ಪಾಲಿಗೆ ಅವಳ ಕೊನೆಯ ಮಾತು ಅದೇ.

ಆ ಮೊಬೈಲ್ ಪೂರ್ತಿ ಕೆಟ್ಟುಹೋಗುವ ಮೊದಲು ರೆಕಾರ್ಡಿಂಗನ್ನು ಮನೆಯ ಹಳೆ ಕಂಪ್ಯೂಟರಿಗೆ ಸಾಗಿಸಿದೆ. ಲಿನಕ್ಸ್ ಹಾಕಿ, ಒಂದೇ ಅಳತೆಯ ಎರಡು ಡಿಸ್ಕ್ ಜೋಡಿಸಿ ಮಿರರ್ ಮಾಡಿದೆ. ಒಂದರ ಮೇಲೆ ಬರೆದದ್ದು ಆ ಕ್ಷಣವೇ ಇನ್ನೊಂದರ ಮೇಲೂ ಮೂಡುತ್ತದೆ. ಒಂದು ಸತ್ತರೂ ಇನ್ನೊಂದು ಸಂಸಾರ ನಡೆಸುತ್ತದೆ. ಅದರ ಮೇಲೆ ಹಿಗ್ಗಿಸಬಹುದಾದ, ಕುಗ್ಗಿಸಬಹುದಾದ ವಾಲ್ಯೂಮುಗಳು, ಅಂದರೆ ಜಾಗದ ಪಾಲುಗಳು. ಗೋಡೆ ಎಬ್ಬಿಸದೆ ಪರದೆ ಕಟ್ಟಿ ಕೋಣೆ ಮಾಡಿಕೊಂಡ ಹಾಗೆ. ನೆಂಟರು ಹೆಚ್ಚಾದರೆ ಪರದೆ ಸರಿಸಿದರಾಯಿತು. ಫೋಟೊಗಳಿಗೊಂದು, ಅಪ್ಪನಿಗೊಂದು, ‘ಅವ್ವ’ ಎಂಬ ಹೆಸರಿನದೊಂದು.

ಅಪ್ಪನ ಕೋಣೆ ಮಾತ್ರ ಸದಾ ತುಂಬಿ ತುಳುಕುತ್ತಿತ್ತು. ಅವನ ಗೆಳೆಯರು ಬೆಳಗಾದರೆ ಕಳಿಸುವ ಶುಭೋದಯದ ಗುಲಾಬಿಗಳೇ ಸಾಕಾಗಿದ್ದವು. ಕಸದ ಬುಟ್ಟಿಗೂ ಹೋಗದಂತೆ ಅಳಿಸುವುದು ಹೇಗೆಂದು ಅಪ್ಪನಿಗೆ ನಾನೇ ಕಲಿಸಿದೆ. ಜೊತೆಗೆ ಮಿರರಿನ ಮಹಿಮೆಯನ್ನೂ ಕೊರೆದೆ: ‘ಒಂದು ಡಿಸ್ಕ್ ಕೆಟ್ರೂ ಅವ್ವ ಇನ್ನೊಂದ್ರಾಗ ಇರ್ತಾಳ ನೋಡಪ್ಪಾ.’

‘ಹೌದೇನು?’ ಅಂದ, ಅಷ್ಟೇ.

ಅವ್ವನ ವರ್ಷದ ಪ್ರಾರ್ಥನೆಗೆ ಭಾಲ್ಕಿಯಿಂದ ಅಕ್ಕ, ಡಾಬಕಾದಿಂದ ಚಿಕ್ಕಮ್ಮ ಬರುವವರಿದ್ದರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಅವ್ವನ ದನಿ ಕೇಳಿಸುತ್ತೇನೆ ಎಂದು ಹಿಂದಿನ ದಿನ ಊಟಕ್ಕೆ ಕುಳಿತಾಗ ಹೇಳಿದೆ. ಅಪ್ಪ ಅರ್ಧಕ್ಕೇ ಎದ್ದು ಕೈ ತೊಳೆದ. ಮರುದಿನ ಸ್ಪೀಕರ್ ಜೋಡಿಸಿ ‘ಅವ್ವ’ ತೆರೆದರೆ ಖಾಲಿ. ಡಿಸ್ಕ್ ಪರೀಕ್ಷಿಸಿದೆ, ಎರಡೂ ಗಟ್ಟಿಮುಟ್ಟಾಗಿದ್ದವು. ಅಳಿಸು ಎಂದವರ ಮಾತನ್ನು ಎರಡೂ ಒಟ್ಟಿಗೇ, ಚಾಚೂ ತಪ್ಪದೆ ಪಾಲಿಸಿದ್ದವು.

‘ನಾನೇ ತೆಗದೀನೋ,’ ಅಂದ ಅಪ್ಪ, ಬಾಗಿಲಲ್ಲಿ ನಿಂತು.

‘ಯಾಕ ತೆಗದಿ? ಅದೊಂದೇ ಇತ್ತಲ್ಲಪ್ಪಾ!’ ಚೀರಿಬಿಟ್ಟೆ.

‘ವಾರ್ಡಿನ್ಯಾಗ ಮಂದಿ ಬರೋಕಿಂತ ಮೊದಲ ಪೇಶಂಟರ ತಲಿ ಬಾಚ್ತಿದ್ಲು ನಿಮ್ಮವ್ವ. ತಾನು ಮಲಗಿದಾಗ ನನ್ನ ಕೈಲೆ ಬಾಚಿಸ್ಕೊಂಡಾಳ. ಅಂಥಾಕಿನ್ನ ಎಲ್ಲಾರ ಮುಂದ ಹಾಂಗ ಕೆಮ್ಮಸ್ತೀ ಏನು?’ ಕಂಪ್ಯೂಟರಿನ ಕಡೆ ಕೈ ತೋರಿಸಿ ಅಂದ, ‘ಎರಡು ಕಡಿ ಇರ್ತಾಳ ಅಂದಿ. ಎರಡೂ ಕಡಿ ಕೆಮ್ಮತಿದ್ಲಲ್ಲೋ.’

ಕಂಪ್ಯೂಟರಿನಲ್ಲಿ ಹೊಸದೇನೂ ಬರೆಯದೆ ಸುಮ್ಮನೆ ಬಿಟ್ಟರೆ, ಅಳಿಸಿದ್ದು ಒಮ್ಮೊಮ್ಮೆ ಮರಳಿ ಸಿಗುವುದುಂಟು. ಅದರ ದಾರಿ ಹುಡುಕಲು ಹೊಸ ಮೊಬೈಲ್ ಹಿಡಿದು ಕುಳಿತೆ. ಅಪ್ಪ ತಡೆಯಲಿಲ್ಲ. ಕಪಾಟಿನಿಂದ ಅವ್ವನ ಬಾಚಣಿಗೆ ತೆಗೆದು, ಕನ್ನಡಿಯ ಮುಂದೆ ನಿಂತು ತನ್ನ ಬಿಳಿಗೂದಲನ್ನು ನಿಧಾನವಾಗಿ ಬಾಚಿಕೊಳ್ಳತೊಡಗಿದ. ನೆಂಟರು ಬರುವ ಹೊತ್ತಾಗಿತ್ತು. ನಾನು ಮೊಬೈಲ್ ಕೆಳಗಿಟ್ಟು ಎದ್ದೆ.

ಸಿಟ್ಟು ಪೂರ್ತಿ ಇಳಿದಿದೆ ಎಂದರೆ ಸುಳ್ಳಾದೀತು. ಊಟದ ಹೊತ್ತಿಗೆ ಆ ದನಿ ಬೇಕೆನಿಸುತ್ತದೆ. ‘ಖಾಲಿ ಬಿದ್ದದಲ್ರಿ, ಆ ಜಾಗಾ ಫೋಟೊಕ್ಕರ ಕೊಡ್ರಿ,’ ಎನ್ನುತ್ತಾಳೆ ಹೆಂಡತಿ. ಪರದೆ ಸರಿಸಲು ನನಗೆ ಮನಸ್ಸಿಲ್ಲ. ಒಮ್ಮೊಮ್ಮೆ ‘ಅವ್ವ’ ತೆರೆದು ನೋಡುತ್ತೇನೆ. ಏನೂ ಇರುವುದಿಲ್ಲ. ಆದರೂ ತೆರೆಯುವ ಮೊದಲು, ತಲೆಯ ಮೇಲೆ ಉಳಿದಿರುವ ನಾಲ್ಕು ಕೂದಲನ್ನು ಕೈಯಿಂದ ಸವರಿ ಸರಿಮಾಡಿಕೊಳ್ಳುತ್ತೇನೆ.